ಡಾಕ್ಟರಮ್ಮನ ಜೀಪಿಗೆ ದೊಡ್ಡ ಎಂಜಿನ್

ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಮೇಸ್ತ್ರಿ ಅದರ ರೋಗ ಹೇಳುತ್ತಿದ್ದ ಕಾಲ ಒಂದಿತ್ತು. ಕೈಯಲ್ಲಿನ ಸ್ಪ್ಯಾನರ್ ಕೆಳಗಿಡದೆ, ತಲೆಯನ್ನೂ ಎತ್ತದೆ, "ಎರಡನೇ ಸಿಲಿಂಡರ್ ಮುಷ್ಕರ ಹೂಡಿದೆ, ಹಾಗೇ ಒಳಗೆ ತಗೊಂಡು ಬನ್ನಿ" ಎಂದುಬಿಡುತ್ತಿದ್ದ. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹಾಗೆ ಅವನಿಗೆ ಕಿವಿಮೇಸ್ತ್ರಿ ಎಂಬ ಹೆಸರು ಬಿತ್ತು. ಹೆತ್ತವರು ಇಟ್ಟ ಹೆಸರು ಹೆಂಡತಿಯ ಬಾಯಲ್ಲಿ ಮಾತ್ರ ಉಳಿದಿತ್ತು. ಅವಳು ತೀರಿಕೊಂಡು ನಾಲ್ಕು ವರ್ಷವಾಗಿ, ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಇರಲಿಲ್ಲ. ಕರೆದಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಕಿವಿಮೇಸ್ತ್ರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಒಂದೇ ದಿನ ಹೋದದ್ದಲ್ಲ ಅದು. ಮೊದಲು ಸಣ್ಣ ಸದ್ದುಗಳು ಹೋದವು. ಕೆಟಲ್ ಕೂಗುವುದು, ಕೀಲಿಗೊಂಚಲು ನೆಲಕ್ಕೆ ಬೀಳುವುದು, ಹೆಂಡತಿ ಒಳಗಿನಿಂದ ಗೊಣಗುವುದು. "ನನ್ನ ಗೊಣಗಾಟ ತಪ್ಪಿಸ್ಕೊಳ್ಳೋಕೆ ಒಳ್ಳೇ ಉಪಾಯ ಹುಡುಕಿದೀರಿ" ಎಂದು ಅವಳು ನಕ್ಕಿದ್ದಳು, ಅವನೂ ನಕ್ಕಿದ್ದ. ಅವಳು ಹೋದ ಮೇಲೆ ಜನರ ಮಾತು ಗೋಡೆಯಾಚೆಯಿಂದ ಬರುವಂತೆ ಬರತೊಡಗಿತು. ಈಗ ಒಂದು ವರ್ಷದಿಂದ ಎದುರಿಗೆ ನಿಂತು ನಿಧಾನವಾಗಿ ಹೇಳಿದರೆ ಅರ್ಧ ಕಿವಿಗೆ, ಅರ್ಧ ಕಣ್ಣಿಗೆ ಸಿಗುತ್ತಿತ್ತು. ಅಷ್ಟೆ.

ಅವನು ಯಾರಿಗೂ ಬಾಯಿ ಬಿಡಲಿಲ್ಲ. ಕಿವಿಗೆ ಮಿಷನ್ ಹಾಕಿಸಿಕೊಂಡರೆ ಅದು ಹತ್ತು ಜನರಿಗೆ ಕಾಣುತ್ತದೆ. ಕಿವಿಯಿಂದಲೇ ಹೆಸರು ಮಾಡಿದವನ ಕಿವಿ ಹೋಗಿದೆ ಎಂದು ತಿಳಿದರೆ ಗ್ಯಾರೇಜಿಗೆ ಯಾರು ಬರುತ್ತಾರೆ? ಹೊಟ್ಟೆಪಾಡಿನ ಚಿಂತೆ ಅಷ್ಟಿರಲಿಲ್ಲ, ಒಬ್ಬನಿಗೆ ಎಷ್ಟು ಬೇಕು. ಆದರೆ ಬೆಳಗ್ಗೆಯಿಂದ ಸಂಜೆಯವರೆಗೆ ಯಾರಾದರೂ ಬಂದು, "ಮೇಸ್ತ್ರಿ ಇದಾರಾ?" ಎಂದು ಕೇಳುತ್ತಿದ್ದ ಜಾಗ ಈ ಭೂಮಿಯ ಮೇಲೆ ಅದೊಂದೇ. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೌ, ಗೋಡೆಗೆ ಒರಗಿಸಿಟ್ಟ ಎರಡು ಕುರ್ಚಿ. ಅಲ್ಲಿ ಅವನನ್ನು ಕೇಳಿಕೊಂಡು ಬರುವವರು ಇರಲಿಲ್ಲ.

ಅದಕ್ಕೇ ಅವನು ಒಂದು ರೇಡಿಯೋ ತಂದು ಕೆಲಸದ ಮೇಜಿನ ಮೇಲೆ ದಿನವಿಡೀ ಹಾಕಿಡುತ್ತಿದ್ದ. ಯಾರಾದರೂ ಕರೆದು ತಾನು ತಿರುಗದಿದ್ದರೆ ರೇಡಿಯೋ ಗಲಾಟೆ ಅಂದುಕೊಳ್ಳಲಿ ಎಂಬ ಲೆಕ್ಕ. ಒಮ್ಮೆ ಅದು ಸ್ಟೇಷನ್ ತಪ್ಪಿ ಎಷ್ಟು ಹೊತ್ತು ಬರೀ ಗೊರಗೊರ ಅನ್ನುತ್ತಿತ್ತೋ ಗೊತ್ತಿಲ್ಲ. ಟೀ ತರುವ ಹೆಂಗಸು ಬಂದವಳು ಒಂದು ಕ್ಷಣ ನಿಂತು, ಅವನ ಬೆನ್ನು ನೋಡಿ, ಸದ್ದಿಲ್ಲದೆ ಗುಂಡಿ ತಿರುಗಿಸಿ ಸರಿಮಾಡಿ ಹೋದಳು. ರೇಡಿಯೋದ ದೀಪ ಮಿನುಗಿದ್ದನ್ನು ನೋಡಿ ಅವನಿಗೆ ವಿಷಯ ತಿಳಿಯಿತು. ಅಂದಿನಿಂದ ಅವಳು "ಟೀ" ಎಂದು ಕೂಗುವುದನ್ನು ಬಿಟ್ಟು, ಲೋಟವನ್ನು ಅವನ ಕಣ್ಣಿಗೆ ಬೀಳುವ ಕಡೆ ಇಡುತ್ತಿದ್ದಳು. ಈ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ದನದ ಡಾಕ್ಟರಮ್ಮ ತಮ್ಮ ಜೀಪು ತಂದದ್ದು ಇಂಥ ದಿನಗಳಲ್ಲೇ. ಮೂವತ್ತು ವರ್ಷದ ಹಳೆಯ ಜೀಪು, ನಾಲ್ಕು ಚಕ್ರಕ್ಕೂ ಎಳೆತವಿದ್ದದ್ದು. ಬೆಟ್ಟದ ಮೇಲಿನ ದನಗಾಹಿಗಳ ಹಟ್ಟಿಗಳಿಗೆ ಹೋಗಲು ಬೇರೆ ಯಾವ ಗಾಡಿಯೂ ಆಗುತ್ತಿರಲಿಲ್ಲ. ಡಾಕ್ಟರಮ್ಮನಿಗೆ ಐವತ್ತರ ಮೇಲೆ ವಯಸ್ಸು. ಗಂಡಸರ ಬೂಟು, ಮೊಣಕೈವರೆಗೆ ಮಡಿಸಿದ ತೋಳು, ಮಾತಿಗೆ ಮುಂಚೆ ನಗು.

"ಮೇಸ್ತ್ರಿಗಳೇ, ಏರಿನಲ್ಲಿ ಇದು ನಡೆಯೋದಿಲ್ಲ, ಬೇಡ್ಕೊಳ್ಳತ್ತೆ" ಎಂದರು. "ಮೊನ್ನೆ ಒಂದು ಎಮ್ಮೆ ನನ್ನನ್ನ ದಾಟಿಕೊಂಡು ಮುಂದೆ ಹೋಯ್ತು. ಹೋಗ್ತಾ ತಿರುಗಿ ಬೇರೆ ನೋಡಿತು."

ಮೇಸ್ತ್ರಿ ನಕ್ಕ. ಡಾಕ್ಟರಮ್ಮ ಯಾವಾಗಲೂ ಎದುರಿಗೆ ಬಂದು, ಬೆಳಕಿರುವ ಕಡೆ ನಿಂತು ಮಾತಾಡುತ್ತಿದ್ದರು. ಅದು ಅವರ ಅಭ್ಯಾಸ ಎಂದುಕೊಂಡಿದ್ದ.

"ಎಂಜಿನ್ ಮುದುಕ ಆಗಿದೆ ಡಾಕ್ಟರಮ್ಮ. ರಿಪೇರಿ ಮಾಡಿದ್ರೂ ಮುದುಕನಿಗೆ ಎಣ್ಣೆ ಹಚ್ಚಿದ ಹಾಗೆ. ಶಕ್ತಿ ಬರಲ್ಲ, ಹೊಳಪು ಬರತ್ತೆ."

"ಹಾಗಿದ್ರೆ ಬೇರೆ ಹಾಕಿ. ಪಿಕಪ್ ಗಾಡಿದೊಂದು ಡೀಸೆಲ್ ಎಂಜಿನ್ ನೋಡಿಟ್ಟಿದೀನಿ. ಗಾಡಿ ಹಳ್ಳಕ್ಕೆ ಬಿದ್ದು ಮೈಯೆಲ್ಲ ಜಜ್ಜಿಹೋಗಿದೆ, ಎಂಜಿನ್‌ಗೆ ಗೀರೂ ಬಿದ್ದಿಲ್ಲ. ಇದರ ಎರಡರಷ್ಟು ಬಲ. ಕೂರತ್ತಾ?"

"ಕೂರಿಸಿದ್ರೆ ಕೂರತ್ತೆ."

"ಬೇರೆಯವರು ಆಗಲ್ಲ ಅಂದ್ರು. ನಿಮ್ಮ ಕಿವಿ ಇದ್ರೆ ಆಗತ್ತೆ ಅಂತ ನಾನು ಬಂದೆ."

ಆ ಮಾತನ್ನು ಅವನು ಅವರ ತುಟಿಯ ಮೇಲೆ ಸ್ಪಷ್ಟವಾಗಿ ಓದಿದ. ಬೇಡ ಎನ್ನಲು ಅದೇ ಸರಿಯಾದ ಗಳಿಗೆಯಾಗಿತ್ತು. ಆದರೆ ಹೀಗೆ ತನ್ನನ್ನು ನಂಬಿ ದೊಡ್ಡ ಕೆಲಸ ತಂದವರು ಇತ್ತೀಚೆಗೆ ಯಾರೂ ಇರಲಿಲ್ಲ. "ಮೂರು ವಾರ ಬಿಡಿ" ಎಂದ.

ಹಳೆಯ ಎಂಜಿನ್ ಹೊರಗೆ ತೆಗೆಯಲು ಎರಡು ದಿನ ಹಿಡಿಯಿತು. ಚೈನ್ ಪುಲ್ಲಿಯಲ್ಲಿ ಎತ್ತಿ ತೂಗುಬಿಟ್ಟಾಗ ಅದು ಹಲ್ಲು ಕೀಳಿಸಿಕೊಂಡ ಮುದುಕನಂತೆ ಎಣ್ಣೆ ಸೋರಿಸುತ್ತ ತಿರುಗಿತು. ಹೊಸದು ಒಂದು ಗೇಣು ಉದ್ದ ಹೆಚ್ಚಿತ್ತು. ರೇಡಿಯೇಟರನ್ನು ಮುಂದಕ್ಕೆ ಸರಿಸಿದ, ಕೂರಿಸುವ ಕಾಲುಗಳನ್ನು ಕತ್ತರಿಸಿ ಬೇರೆ ಬೆಸುಗೆ ಹಾಕಿದ. ತೂಕಕ್ಕೆ ಜಗ್ಗದಿರಲಿ ಎಂದು ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಸೇರಿಸಿದ. ಬಲ ಹೆಚ್ಚಾದರೆ ನಿಲ್ಲಿಸುವ ಶಕ್ತಿಯೂ ಬೇಕು ಎಂದು ಬ್ರೇಕನ್ನೂ ಬದಲಿಸಿದ. ಈ ಕೆಲಸಗಳಿಗೆಲ್ಲ ಕಿವಿ ಬೇಕಿರಲಿಲ್ಲ. ಎಷ್ಟೋ ದಿನಗಳ ಮೇಲೆ ಅವನಿಗೆ ಹಸಿವಾಗುತ್ತಿತ್ತು.

ಕಷ್ಟ ಇದ್ದದ್ದು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಕೂಡಿಸುವುದರಲ್ಲಿ. ಎಂಜಿನ್ ಒಂದು ಕಂಪನಿಯದು, ಗೇರ್‌ಬಾಕ್ಸ್ ಇನ್ನೊಂದರದು. ಹುಟ್ಟಿನಿಂದ ಪರಿಚಯವಿಲ್ಲ, ಬೋಲ್ಟಿನ ತೂತುಗಳೂ ಹೊಂದುವುದಿಲ್ಲ. ನಡುವೆ ಒಂದು ದಪ್ಪ ಉಕ್ಕಿನ ತಟ್ಟೆ ಮಾಡಿಸಿ, ಈ ಕಡೆ ಇವರ ತೂತು, ಆ ಕಡೆ ಅವರ ತೂತು ಕೊರೆಸಿ, ಗಂಡು ಹೆಣ್ಣಿನ ಕಡೆಯವರನ್ನು ಒಪ್ಪಿಸಿದ ಹಾಗೆ ಒಪ್ಪಿಸಬೇಕು. ಆ ತಟ್ಟೆ ಕೂದಲೆಳೆಯಷ್ಟು ಆಚೀಚೆಯಾದರೂ ನಡುವೆ ತಿರುಗುವ ಶಾಫ್ಟ್ ದಂಡ ಓರೆಯಾಗುತ್ತದೆ. ಒಳಗಿನ ಪುಟ್ಟ ಬೇರಿಂಗ್ ಸವೆಯುತ್ತಾ ಸವೆಯುತ್ತಾ ಒಂದು ದಿನ ತಿರುಗದೆ ಹಿಡಿದುಕೊಂಡುಬಿಡುತ್ತದೆ.

ಅಂಥ ತಟ್ಟೆ ಕೊರೆಯುವುದರಲ್ಲಿ ಎರಡು ಬೀದಿಯಾಚೆ ಕಬ್ಬಿಣ ಕಡೆಯುವ ಲೇತ್ ಇಟ್ಟುಕೊಂಡಿದ್ದ ಭಾವನನ್ನು ಮೀರಿಸಿದವರಿರಲಿಲ್ಲ. ಅವರು ಮೇಸ್ತ್ರಿಯ ಹೆಂಡತಿಗೆ ಅಣ್ಣ. ಅವರಿಗೂ ಊರಿಟ್ಟ ಹೆಸರಿತ್ತು, ಅಳತೆ ಯಜಮಾನ. ಗಡಿಯಾರದಂಥ ಮುಖದ ಡಯಲ್ ಗೇಜಿನ ಮುಳ್ಳು ಹೇಳಿದ್ದನ್ನು ಬಿಟ್ಟು ಬೇರೆ ಏನನ್ನೂ ನಂಬದ ಮನುಷ್ಯ. "ನಿನ್ನ ಕಿವಿಗೆ ಶೀತ ಆಗತ್ತೆ, ನನ್ನ ಮುಳ್ಳಿಗೆ ಆಗಲ್ಲ" ಎಂದು ಅವರು ಛೇಡಿಸುತ್ತಿದ್ದರು. "ನಿಮ್ಮ ಮುಳ್ಳು ನೋಡೋಕೆ ಕನ್ನಡಕ ಬೇಕು ಭಾವ, ನನ್ನ ಕಿವಿಗೆ ಬೇಡ" ಎಂದು ಇವನು. ಸಂಜೆ ಹೊತ್ತು ಹಿಂದಿನ ಕೋಣೆಯಲ್ಲಿ ಈ ಜಗಳ ನಡೆಯುವಾಗ ಹೆಂಡತಿ ಇಬ್ಬರಿಗೂ ಟೀ ಕೊಟ್ಟು, ಯಾರ ಪರವೂ ವಹಿಸದೆ, ಮೂರನೆಯ ಲೋಟ ಹಿಡಿದು ಮಂಚದ ಮೇಲೆ ಕೂರುತ್ತಿದ್ದಳು.

ಅವಳು ತೀರಿಕೊಂಡ ವಾರದಲ್ಲಿ ಒಂದು ಸಂಜೆ ಮೇಸ್ತ್ರಿ ಗೋಡೆಯ ಕಡೆ ಮುಖ ಮಾಡಿ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದ. ತಿರುಗಿ ನೋಡಿದರೆ ಭಾವ ಬಾಗಿಲಿನಿಂದ ಆಗಲೇ ಹೊರಟಿದ್ದರು. ಬೆನ್ನು ಮಾತ್ರ ಕಂಡಿತು. ಒಳಗೆ ಬರಲಿಲ್ಲ, ಕೂರಲಿಲ್ಲ, ಮಾತಾಡಿಸಲಿಲ್ಲ. ಆಮೇಲೆ ಒಮ್ಮೆಯೂ ಇತ್ತ ತಲೆ ಹಾಕಲಿಲ್ಲ. ತಂಗಿ ಹೋದ ಮೇಲೆ ತಂಗಿಯ ಗಂಡ ಯಾವ ಲೆಕ್ಕ ಎಂದು ಮೇಸ್ತ್ರಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡ. ಬೀದಿಯಲ್ಲಿ ಎದುರಾದರೆ ಇಬ್ಬರೂ ಒಂದೊಂದು ಕಡೆ ನೋಡುತ್ತಿದ್ದರು.

ಹಾಗಾಗಿ ತಟ್ಟೆ ಮಾಡಿಸಲು ಅವನು ಎರಡು ಬಸ್ಸು ಬದಲಿಸಿ ಪಕ್ಕದ ಪಟ್ಟಣಕ್ಕೆ ಹೋದ. ಬಸ್ ನಿಲ್ದಾಣದ ದಾರಿಯಲ್ಲಿ ಭಾವನ ಅಂಗಡಿಯ ಮುಂದೆಯೇ ಹಾದುಹೋಗಬೇಕು. ಭಾವ ಲೇತಿನ ಮೇಲೆ ಬಗ್ಗಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

ತಟ್ಟೆ ಬಂತು, ಕೂತಿತು, ಬೋಲ್ಟುಗಳೂ ಸರಾಗವಾಗಿ ಹಿಡಿದವು. ಆಮೇಲಿನದು ಅವನ ಪದ್ಧತಿ. ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ಹೇಳಿಕೊಟ್ಟದ್ದು, ನಲವತ್ತು ವರ್ಷ ತಪ್ಪದೆ ಮಾಡಿದ್ದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಲೋಹಕ್ಕೆ ಒತ್ತಿ, ಮರದ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಶಾಫ್ಟನ್ನು ಮೆಲ್ಲಗೆ ತಿರುಗಿಸುವುದು. ಓರೆಯಿದ್ದರೆ ಪ್ರತಿ ಸುತ್ತಿಗೂ ಒಂದು ಕಡೆ "ಟಿಕ್" ಅನ್ನುತ್ತದೆ, ಉಗುರು ತಾಗಿದಷ್ಟು ಸಣ್ಣಗೆ.

ಮೇಸ್ತ್ರಿ ಕಣ್ಣು ಮುಚ್ಚಿ ತಿರುಗಿಸಿದ. ಟಿಕ್ ಇಲ್ಲ. ಮತ್ತೆ ತಿರುಗಿಸಿದ. ಎಲುಬಿಗೆ ಸದ್ದು ಇನ್ನೂ ಹತ್ತುತ್ತದೆ ಎಂಬುದು ಅವನ ಕೊನೆಯ ನಂಬಿಕೆ. ಎಂಜಿನ್ನಿನ ದೊಡ್ಡ ಗುದ್ದು ಅಲ್ಲಿ ಈಗಲೂ ಸಿಗುತ್ತಿತ್ತು. ಮೂರನೆಯ ಸಲ ತಿರುಗಿಸಿದಾಗಲೂ ಒಳಗೆ ಹತ್ತಿ ತುಂಬಿದಂಥ ಮೌನ. ಅದು ಶಾಫ್ಟಿನ ಮೌನವೋ ತನ್ನದೋ ಎಂದು ಒಂದು ಕ್ಷಣ ಅನುಮಾನ ಬಂತು. ಆ ಅನುಮಾನದ ಜೊತೆ ಸ್ವಲ್ಪ ಹೊತ್ತು ಕೂತಿದ್ದು, ಎದ್ದು, ಬೋಲ್ಟು ಬಿಗಿ ಮಾಡಿದ.

ಹೊಸ ಎಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು. ಬಾನೆಟ್ಟಿನ ಮೇಲಿಟ್ಟ ಅಂಗೈಗೆ ಅದರ ನಡುಕ ಒಂದೇ ಸಮನಾಗಿ ಬಂತು. ಡಾಕ್ಟರಮ್ಮ ಬಂದು ಸ್ಟಿಯರಿಂಗ್ ಹಿಡಿದರು, ಮೇಸ್ತ್ರಿ ಪಕ್ಕದಲ್ಲಿ ಕೂತ. ಊರಾಚೆಯ ಏರನ್ನು ಜೀಪು ಮೂರನೇ ಗೇರಿನಲ್ಲೇ ಹತ್ತಿತು.

"ಇನ್ನು ಆ ಎಮ್ಮೆ ಸಿಗಲಿ" ಎಂದರು ಡಾಕ್ಟರಮ್ಮ. ಇಳಿಯುವಾಗ ಕ್ಲಚ್ ಒತ್ತಿದವರು ಹುಬ್ಬು ಗಂಟಿಕ್ಕಿದರು. ಮತ್ತೆ ಒತ್ತಿದರು. ಆಮೇಲೆ ಗಾಡಿಯನ್ನು ಬದಿಗೆ ಹಾಕಿ, ಪೂರ್ತಿ ಅವನ ಕಡೆ ತಿರುಗಿದರು.

"ಕ್ಲಚ್ ಒತ್ತಿದಾಗ ಸಣ್ಣಗೆ ಒಂದು ಸದ್ದು ಬರತ್ತಲ್ಲ ಮೇಸ್ತ್ರಿಗಳೇ. ಸೊಳ್ಳೆ ಹಾಡಿದ ಹಾಗೆ." ಮತ್ತೆ ಒತ್ತಿ ಹಿಡಿದರು. "ಇದೋ. ಕೇಳಿಸ್ತಾ ಇದೆಯಾ?"

ಮೇಸ್ತ್ರಿ ತಲೆಯನ್ನು ಒಂದು ಕಡೆ ವಾಲಿಸಿದ. ನಲವತ್ತು ವರ್ಷ ಊರು ನೋಡಿದ ಭಂಗಿ ಅದು, ಹುಬ್ಬು ಸ್ವಲ್ಪ ಮೇಲೆ, ಕಣ್ಣು ಅರ್ಧ ಮುಚ್ಚಿ. ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಡಾಕ್ಟರಮ್ಮ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದರು.

"ಕೇಳಿಸ್ತಾ ಇದೆ" ಎಂದ. "ಅದೇನೂ ಅಲ್ಲ. ಹೊಸ ಜೋಡಿ ಅಲ್ವಾ, ಹೊಂದಿಕೊಳ್ಳೋವರೆಗೆ ಸ್ವಲ್ಪ ಗುನುಗತ್ತೆ."

"ನೀವು ಹೇಳಿದ ಮೇಲೆ ಆಯ್ತು ಬಿಡಿ" ಎಂದು ಡಾಕ್ಟರಮ್ಮ ನಿರಾಳವಾಗಿ ಗೇರ್ ಹಾಕಿದರು.

ಹತ್ತು ದಿನ ಜೀಪು ಬೆಟ್ಟ ಹತ್ತಿ ಇಳಿಯಿತು. ಬೀದಿಯಲ್ಲಿ ಹೋಗುವಾಗಲೆಲ್ಲ ಡಾಕ್ಟರಮ್ಮ ಕೈ ಬೀಸುತ್ತಿದ್ದರು, ಹಾರ್ನ್ ಮಾಡುತ್ತಿರಲಿಲ್ಲ. ಮೇಸ್ತ್ರಿಯೂ ಕೈಯೆತ್ತುತ್ತಿದ್ದ. ಹನ್ನೆರಡನೆಯ ದಿನ ಒಂದು ಟ್ರ್ಯಾಕ್ಟರ್ ಅದನ್ನು ಎಳೆದುಕೊಂಡು ಬಂತು.

ಡಾಕ್ಟರಮ್ಮ ಟ್ರ್ಯಾಕ್ಟರಿನಿಂದ ಇಳಿದು, ಡ್ರೈವರಿಗೆ ಏನೋ ಹೇಳಿ ಕಳಿಸಿ, ಒಳಗೆ ಬಂದರು. ಬೂಟಿನ ತುಂಬ ಕೆಸರು. ಮೇಜಿನ ಹತ್ತಿರ ಬಂದು ರೇಡಿಯೋ ಆರಿಸಿದರು. ಆಮೇಲೆ ಬೆಳಕಿನ ಕಡೆ ಮುಖ ಮಾಡಿ ನಿಂತರು.

"ನಿನ್ನೆ ಬೆಳಗ್ಗೆ, ಕಡೇ ಏರಿನ ಅರ್ಧದಲ್ಲಿ ಹಿಡಿದುಕೊಂಡ್ತು. ಕ್ಲಚ್ ಒತ್ತಿದ್ರೂ ಗೇರ್ ಬಿಡಲಿಲ್ಲ, ಒಳಗೆ ಏನೋ ಮುರೀತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು ನಡೆದುಕೊಂಡು ಹೋದೆ."

"ನಿಮಗೇನೂ ಆಗಲಿಲ್ಲ ತಾನೇ?"

"ನನಗೆ ಆಗಲಿಲ್ಲ." ಡಾಕ್ಟರಮ್ಮ ಬೂಟಿನ ಕೆಸರಿನ ಕಡೆ ಕೈ ತೋರಿಸಿದರು. "ಕರು ಅಡ್ಡ ಸಿಕ್ಕಿಕೊಂಡಿದ್ದ ಹಸು ಒಂದು. ನಾನು ಹೋಗಿ ಮುಟ್ಟೋ ಹೊತ್ತಿಗೆ ಮೂರು ಗಂಟೆ ತಡ. ಕರು ಉಳೀತು. ಹಸು ಹೋಯ್ತು. ಆ ಮನೇಲಿ ಒಬ್ಬಳೇ ಅಜ್ಜಿ ಇರೋದು. ಅವಳು ನನಗೆ ಕೂರೋಕೆ ತನ್ನ ಚಾಪೆ ಹಾಕಿಕೊಟ್ಟು, ಕಾಲು ತೊಳೆಯೋಕೆ ಬಿಸಿನೀರು ಕೊಟ್ಟಳು. ನಡೆದು ಬಂದಿದೀಯಾ ತಾಯಿ ಅಂದಳು. ನನಗೆ ಮುಖ ಎತ್ತೋಕೆ ಆಗಲಿಲ್ಲ."

ಮೇಸ್ತ್ರಿ ಜೀಪಿನ ಕಡೆ ನೋಡಿ, ಮತ್ತೆ ಅವರ ಮುಖ ನೋಡಿದ.

"ತಪ್ಪು ನಂದೇ" ಎಂದರು ಡಾಕ್ಟರಮ್ಮ. "ಆ ಸೊಳ್ಳೆ ಸದ್ದು ಐದಾರು ದಿನದಿಂದ ಜಾಸ್ತಿ ಆಗಿತ್ತು. ನಿಮಗೆ ಮತ್ತೆ ತೋರಿಸದೆ ಬೆಟ್ಟ ಹತ್ತಬಾರದಿತ್ತು."

ಇಲ್ಲಿ ಸುಮ್ಮನಿದ್ದರೆ ಸಾಕಿತ್ತು. ಅಥವಾ ಪಟ್ಟಣದ ಲೇತಿನವನ ತಟ್ಟೆ ಸರಿಯಿರಲಿಲ್ಲ ಎಂದಿದ್ದರೂ ನಡೆಯುತ್ತಿತ್ತು, ಅದರಲ್ಲಿ ಅರ್ಧ ನಿಜವೂ ಇತ್ತು. ಕಿವಿಮೇಸ್ತ್ರಿಯ ಹೆಸರು ಇನ್ನೊಂದಷ್ಟು ವರ್ಷ ಬಾಳುತ್ತಿತ್ತು. ಮೇಸ್ತ್ರಿ ಒರೆಸುವ ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡ. ಹತ್ತೂ ಬೆರಳು ಮುಗಿದವು.

"ನನಗೆ ಆ ಸದ್ದು ಕೇಳಿಸಲಿಲ್ಲ ಡಾಕ್ಟರಮ್ಮ. ಅವತ್ತೂ ಕೇಳಿಸಲಿಲ್ಲ. ಕೇಳಿಸ್ತಾ ಇದೆ ಅಂತ ಸುಳ್ಳು ಹೇಳಿದೆ. ನನಗೆ ಕಿವಿ ಹೋಗಿದೆ."

ತನ್ನ ದನಿ ಎಷ್ಟು ಗಟ್ಟಿಯಾಗಿ ಬಂತೋ ಅವನಿಗೆ ತಿಳಿಯಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ.

ಡಾಕ್ಟರಮ್ಮನಿಗೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಅವರ ಮುಖ ಕೆಂಪಾಯಿತು. ಜೀಪಿನವರೆಗೆ ಹೋಗಿ, ಅದರ ಬಾಗಿಲಿನ ಮೇಲೆ ಕೈಯಿಟ್ಟು, ಅವನಿಗೆ ಬೆನ್ನು ಮಾಡಿ ನಿಂತರು. ಏನಾದರೂ ಹೇಳುತ್ತಿದ್ದಾರೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ತಿರುಗಿ ಬಂದು ಮತ್ತೆ ಎದುರಿಗೆ ನಿಂತರು.

"ಸ್ವಲ್ಪ ಕಮ್ಮಿ ಕೇಳಿಸತ್ತೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಎದುರಿಗೆ ನಿಂತು ಮಾತಾಡ್ತಿದ್ದೆ. ಇಷ್ಟು ಅಂತ ಗೊತ್ತಿರಲಿಲ್ಲ. ಕೇಳಿದ್ರೆ ನಿಮಗೆ ನೋವಾಗತ್ತೆ ಅಂತ ಸುಮ್ಮನಿದ್ದೆ." ನಿಟ್ಟುಸಿರು ಬಿಟ್ಟರು. "ನಾನು ಮರ್ಯಾದೆಗೆ ಸುಮ್ಮನಿದ್ದೆ, ನೀವು ಮರ್ಯಾದೆಗೆ ಸುಳ್ಳು ಹೇಳಿದ್ರಿ. ಹೋದದ್ದು ಅಜ್ಜಿ ಹಸು."

ಮೇಸ್ತ್ರಿ ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟ.

"ಸರಿಮಾಡೋಕೆ ಆಗತ್ತಾ?"

"ಆಗತ್ತೆ. ನನ್ನೊಬ್ಬನಿಂದ ಆಗಲ್ಲ."

ಮಾರನೆಯ ದಿನ ಬೆಳಗ್ಗೆ ಮೇಸ್ತ್ರಿ ಎರಡು ಬೀದಿ ದಾಟಿ ಭಾವನ ಅಂಗಡಿಗೆ ಹೋದ. ಭಾವ ಲೇತ್ ನಿಲ್ಲಿಸಲಿಲ್ಲ. ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ಕೆಳಗೆ ಬೀಳುತ್ತಿತ್ತು. ಏನೋ ಅಂದರು, ತಲೆಯೆತ್ತದೆ.

"ಭಾವ, ನನಗೆ ಕಿವಿ ಕೇಳಿಸಲ್ಲ" ಎಂದ ಮೇಸ್ತ್ರಿ. "ಏನು ಹೇಳೋದಿದ್ರೂ ಮುಖ ನೋಡಿ ಹೇಳಬೇಕು."

ಭಾವ ಲೇತ್ ನಿಲ್ಲಿಸಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಯಾವಾಗಿಂದ?"

"ಐದಾರು ವರ್ಷದಿಂದ ಶುರು. ಈಗ ಪೂರ್ತಿ."

"ಐದಾರು ವರ್ಷ" ಎಂದರು ಭಾವ. ಲೇತಿನ ಹಿಡಿಯನ್ನು ಹಿಡಿದುಕೊಂಡೇ ಇದ್ದರು. "ಹಾಗಿದ್ರೆ ಅವತ್ತು ಸಂಜೆ... ನೀನು ಕೈ ತೊಳೀತಾ ಇದ್ದೆ. ನಾನು ಬಾಗಿಲಲ್ಲಿ ನಿಂತಿದ್ದೆ."

"ನಿಮ್ಮ ಬೆನ್ನು ನೋಡಿದೆ. ಮಾತಾಡಿಸದೆ ಹೊರಟುಹೋದ್ರಿ."

"ಮಾತಾಡಿಸದೆ? ಎರಡು ಸಲ ಹೇಳಿದೆನಲ್ಲೋ. ಒಬ್ಬನೇ ಇಲ್ಲಿ ಯಾಕಿರ್ತೀಯ, ನಮ್ಮನೆ ಹಿಂದಿನ ರೂಮು ಖಾಲಿ ಇದೆ, ಬಂದು ಇರು, ಇಬ್ಬರೂ ಸೇರಿ ಏನೋ ಬೇಯಿಸ್ಕೊಂಡು ತಿನ್ನೋಣ ಅಂದೆ. ನೀನು ತಿರುಗಿ ಸಹ ನೋಡಲಿಲ್ಲ. ಅಷ್ಟು ಬೇಡವಾದ್ನಾ ಅಂದ್ಕೊಂಡು ಬಂದುಬಿಟ್ಟೆ."

ಮೇಸ್ತ್ರಿ ಪ್ರತಿ ಮಾತನ್ನೂ ಅವರ ತುಟಿಯ ಮೇಲೆ ನೋಡಿದ. ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕೂತ. ಭಾವನೂ ಕೂತರು. ಅಂಗಡಿಗೆ ಬಂದವನೊಬ್ಬ ಇವರಿಬ್ಬರನ್ನೂ ನೋಡಿ, ಆಮೇಲೆ ಬರುತ್ತೇನೆ ಎಂದು ಕೈಸನ್ನೆ ಮಾಡಿ ಹೋದ.

"ಆ ರೂಮು" ಎಂದ ಮೇಸ್ತ್ರಿ.

"ಅಲ್ಲಿ ಡ್ರಿಲ್ಲಿಂಗ್ ಮಿಷನ್ ಇಟ್ಟಿದೀನಿ ಈಗ" ಎಂದರು ಭಾವ. "ಎರಡು ವರ್ಷ ಆಯ್ತು. ನೆಲಕ್ಕೆ ಕಾಂಕ್ರೀಟ್ ಹಾಕಿ ಕೂರಿಸಿದೀನಿ. ತೆಗೆಯೋಕೆ ಬರಲ್ಲ." ಆಮೇಲೆ, ತಪ್ಪು ತಮ್ಮದೇ ಎಂಬಂತೆ, "ಒಳ್ಳೇ ಮಿಷನ್ನು" ಎಂದರು.

ಮಧ್ಯಾಹ್ನ ಭಾವ ಗೇಜಿನ ಪೆಟ್ಟಿಗೆ ಹಿಡಿದು ಗ್ಯಾರೇಜಿಗೆ ಬಂದರು. ನಾಲ್ಕು ವರ್ಷದ ಮೇಲೆ ಆ ಬಾಗಿಲಲ್ಲಿ ಕಾಲಿಟ್ಟವರು ಹಿಂದಿನ ಕೋಣೆಯ ಕಡೆ ಒಮ್ಮೆ ನೋಡಿ, ಆ ಕಡೆ ಹೋಗದೆ, ಜೀಪಿನ ಕೆಳಗೆ ನುಸುಳಿದರು. ಗೇರ್‌ಬಾಕ್ಸ್ ಬಿಚ್ಚಿದಾಗ ಪುಟ್ಟ ಬೇರಿಂಗ್ ಪುಡಿಪುಡಿಯಾಗಿ ಕೈಗೆ ಬಂತು. ಭಾವ ತಟ್ಟೆಯ ನಡುವೆ ಗೇಜು ನಿಲ್ಲಿಸಿ, ಮೇಸ್ತ್ರಿಗೆ ತಿರುಗಿಸು ಎಂದು ಸನ್ನೆ ಮಾಡಿದರು. ಮುಳ್ಳು ನಿಂತಲ್ಲಿ ನಿಲ್ಲದೆ ಬಲಕ್ಕೆ ಸರಿಯಿತು, ಹಿಂದಕ್ಕೆ ಬಂತು, ಮತ್ತೆ ಬಲಕ್ಕೆ.

"ನೋಡು" ಎಂದರು. "ನಾಲ್ಕು ಕೂದಲಿನಷ್ಟು. ಯಾವ ಪುಣ್ಯಾತ್ಮ ಕೊರೆದದ್ದು ಇದನ್ನ, ಹಲ್ಲಲ್ಲಾ?"

"ಎರಡು ಬಸ್ಸು ಹತ್ತಿ ಹೋಗಿ ಮಾಡಿಸಿದ್ದು."

"ಹೋಗೋದು ನೋಡಿದೆ" ಎಂದರು ಭಾವ.

ಹೊಸ ತಟ್ಟೆ ಭಾವನ ಲೇತಿನಲ್ಲೇ ತಯಾರಾಯಿತು. ಮುರಿದ ಶಾಫ್ಟಿಗೆ ಬದಲಿ ಹುಡುಕುವುದಕ್ಕೆ ಒಂಬತ್ತು ದಿನ ಹಿಡಿಯಿತು. ಅಷ್ಟರೊಳಗೆ ಗ್ಯಾರೇಜಿಗೆ ಬಂದವರಿಗೆಲ್ಲ ಮೇಸ್ತ್ರಿ ತಾನಾಗಿಯೇ ವಿಷಯ ಹೇಳಿದ. ಅಂಗಳದಲ್ಲಿ ಸರದಿ ಕಾಯುತ್ತಿದ್ದ ಮೂರು ಗಾಡಿಗಳಲ್ಲಿ ಎರಡನ್ನು ಅವುಗಳ ಯಜಮಾನರು ಬಂದು ಒಯ್ದರು. ಒಬ್ಬ ಒಯ್ಯುವಾಗ ತುಂಬ ಮುಜುಗರಪಟ್ಟು, ಬೇಡದಿದ್ದರೂ ಒಂದು ಡಬ್ಬಿ ಗ್ರೀಸ್ ಕೊಂಡುಕೊಂಡು ಹೋದ. ಮೂರನೆಯವನು ಬಂದೇ ಇರಲಿಲ್ಲ, ಊರಲ್ಲಿಲ್ಲದೆ ಸುದ್ದಿ ಮುಟ್ಟದಿದ್ದದ್ದೂ ಕಾರಣವಿರಬಹುದು. ಮೇಸ್ತ್ರಿ ರೇಡಿಯೋ ಹಾಕುವುದನ್ನು ಬಿಟ್ಟ. ಟೀ ತರುವ ಹೆಂಗಸು ಈಗ ಲೋಟ ಇಟ್ಟು, ಅವನು ನೋಡುವವರೆಗೆ ನಿಂತಿದ್ದು, ನೋಡಿದ ಮೇಲೆ ಹೋಗುತ್ತಿದ್ದಳು.

ಎಲ್ಲ ಕೂಡಿಸಿದ ದಿನ ಮುಳ್ಳು ಅಲುಗಲಿಲ್ಲ. ಡಾಕ್ಟರಮ್ಮ ಬಂದು ಸ್ಟಿಯರಿಂಗ್ ಹಿಡಿದು, ಕಿಟಕಿಯಿಂದ ಮುಖ ಹೊರಗೆ ಹಾಕಿ ಕೇಳಿದರು.

"ಸರಿಯಾಗಿದೆಯಾ ಮೇಸ್ತ್ರಿಗಳೇ?"

"ನನ್ನನ್ನ ಕೇಳಬೇಡಿ" ಎಂದ ಅವನು. "ಭಾವನ್ನ ಕೇಳಿ."

ಭಾವ ಪಕ್ಕದಲ್ಲಿ ಹತ್ತಿ ಕೂತರು. ಜೀಪು ಊರಾಚೆಯವರೆಗೆ ಹೋಗಿ ಬರುವಷ್ಟು ಹೊತ್ತು ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. ತಾನು ಕೈಯಾರೆ ಕೂರಿಸಿದ ಎಂಜಿನ್ನಿನ ಬಗ್ಗೆ ಇನ್ನೊಬ್ಬರ ಬಾಯಿಂದ ತಿಳಿಯಲು ಕಾಯುವುದು ಅವನಿಗೆ ಹೊಸದು. ತಿರುಗಿ ಬಂದ ಭಾವ ಇಳಿದು, ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಿದರು. "ಒಂದು ಸೊಳ್ಳೆ ಇಲ್ಲ" ಎಂದರು ಡಾಕ್ಟರಮ್ಮ. "ನಾಳೆ ಬೆಳಗ್ಗೆ ಅಜ್ಜಿ ಮನೆಗೆ ಹೋಗ್ತಿದೀನಿ, ಕರು ನೋಡೋಕೆ. ಬರ್ತೀರಾ?"

ಮೇಸ್ತ್ರಿ ಜೀಪಿನ ಹತ್ತಿರ ಬಂದ. "ಬರ್ತೀನಿ" ಎಂದ. "ಏನು ಹೇಳಬೇಕು ಅಂತ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ" ಎಂದರು ಡಾಕ್ಟರಮ್ಮ.

ಜೀಪು ಹೊರಟಿತು. ಭಾವ ಬೀದಿಯ ಮಧ್ಯೆ ನಿಂತು ಅದರ ಸದ್ದು ಕೇಳುತ್ತಿದ್ದರು. ಮೇಸ್ತ್ರಿ ಭಾವನ ಮುಖ ನೋಡುತ್ತಿದ್ದ. ಜೀಪು ತಿರುವಿನಲ್ಲಿ ಮರೆಯಾದ ಮೇಲೂ ಆ ಮುಖದಲ್ಲಿ ಸದ್ದು ಇತ್ತು. ಏರು ಹತ್ತುವಾಗ ಹುಬ್ಬುಗಳು ಮೇಲಾದವು, ಗೇರ್ ಬದಲಾದಾಗ ತಲೆ ಒಮ್ಮೆ ಆಡಿತು. ಕ್ರಮೇಣ ಮುಖ ಸಡಿಲವಾಯಿತು.

"ಹೋಯ್ತು" ಎಂದರು ಭಾವ ಅವನ ಕಡೆ ತಿರುಗಿ. "ಇನ್ನು ಕೇಳಿಸ್ತಿಲ್ಲ."

ಆಮೇಲೆ ಭಾವ ಗೇಜನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡು ಹೊರಟರು.

"ನಾಳೆ ಸಂಜೆ ಬರ್ತೀರಾ ಭಾವ? ಟೀಗೆ" ಎಂದ ಮೇಸ್ತ್ರಿ.

ಭಾವ ನಡೆಯುತ್ತಲೇ ಏನೋ ಹೇಳಿದ್ದಿರಬೇಕು. ಪೆಟ್ಟಿಗೆಯಿಲ್ಲದ ಕೈ ಒಮ್ಮೆ ಆಡಿತು. ಹತ್ತು ಹೆಜ್ಜೆ ಹೋದವರು ಥಟ್ಟನೆ ನಿಂತರು. ತಿರುಗಿ, ಆ ಹತ್ತು ಹೆಜ್ಜೆಯನ್ನೂ ಮಂಡಿನೋವಿನ ಕಾಲಿನಲ್ಲಿ ನಡೆದು ಬಂದು, ಅವನ ಮುಖದ ಎದುರಿಗೆ ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ನಾಳೆ ಆಗಲ್ಲ ಅಂದೆ. ಲೇತಿನ ಬೆಲ್ಟ್ ಹರಿದಿದೆ, ತರೋಕೆ ಹೋಗಬೇಕು."

"ಸರಿ" ಎಂದ ಮೇಸ್ತ್ರಿ.

ಭಾವ ತಲೆಯಾಡಿಸಿ, ಮತ್ತೆ ತಿರುಗಿ, ಹೋದರು. ಮೇಸ್ತ್ರಿ ಒಳಗೆ ಬಂದು ನೆಲದ ಮೇಲಿನ ಎಣ್ಣೆಗೆ ಮರದ ಹೊಟ್ಟು ಚೆಲ್ಲಿ, ಗುಡಿಸಲು ಶುರುಮಾಡಿದ.